ವಿದ್ಯುತ್ ಯೋಜನೆಯ ಜಾಗವನ್ನು ಗೊತ್ತುಮಾಡುವವರು ಯಾರು?

ಪ್ರಶ್ನೆ: ನಮ್ಮ ಜಿಲ್ಲೆಗೆ ಕದ್ರಾ, ಕೈಗಾ, ಗೇರುಸೊಪ್ಪೆ ಎಂದು ಒಂದರ ಹಿಂದೊಂದು ವಿದ್ಯುತ್ ಯೋಜನೆಗಳು ಬಂದಿವೆ. ಜಾಗ ಗೊತ್ತಾದ ಮೇಲಷ್ಟೇ ಊರಿನವರನ್ನು ಸಭೆಗೆ ಕರೆಯುವ ಈ ಕ್ರಮವನ್ನು ರಾಜ್ಯ ಸರ್ಕಾರ ಬದಲಿಸಲಾರದೇ?
— ಓದುಗರೊಬ್ಬರು, ಹೊನ್ನಾವರ

ಉತ್ತರ: 2003ರ ವಿದ್ಯುತ್ ಕಾಯ್ದೆಯ ಪ್ರಕಾರ ವಿದ್ಯುತ್ ಉತ್ಪಾದನೆಗೆ ಪರವಾನಗಿಯೇ ಬೇಕಿಲ್ಲ, ದೊಡ್ಡ ಜಲವಿದ್ಯುತ್ ಯೋಜನೆಗಳಿಗೆ ಮಾತ್ರ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸಮ್ಮತಿ ಅಗತ್ಯ. ಹೀಗಾಗಿ ಜಾಗದ ಪ್ರಶ್ನೆ ಬಹುಮಟ್ಟಿಗೆ, ಯೋಜನೆಯಿಂದ ಪರಿಸರಕ್ಕಾಗುವ ಪರಿಣಾಮವನ್ನು ಮೊದಲೇ ಅಳೆಯಬೇಕೆನ್ನುವ ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಾಲಿಗೆ ಬಂದಿದೆ. ಅದರಲ್ಲಿ ಕಂಪನಿಯು ಮೊದಲು ಜಾಗವನ್ನು ಹೆಸರಿಸಿ ಅರ್ಜಿ ಹಾಕುತ್ತದೆ, ಅಧ್ಯಯನದ ವ್ಯಾಪ್ತಿ ನಿಗದಿಯಾಗುತ್ತದೆ, ಕರಡು ವರದಿ ಸಿದ್ಧವಾಗುತ್ತದೆ, ಆ ಬಳಿಕವೇ ಅಹವಾಲು ಸಭೆ ನಡೆಯುತ್ತದೆ. ನೀವು ಹೇಳುವ ದೋಷ ಈ ಅನುಕ್ರಮದಲ್ಲಿಯೇ ಇದೆ.

ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ, ಅಘನಾಶಿನಿ ನದಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರನ್ನೂ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರನ್ನೂ ಮೊದಲೇ ಕೇಳಿದ್ದರೆ, ಅಲ್ಲಿ ಏನು ನಷ್ಟವಾಗುತ್ತದೆಂಬುದು ಯಾವ ತಜ್ಞರ ವರದಿಗೂ ಮುಂಚೆ ತಿಳಿಯುತ್ತಿತ್ತು. ಜನರ ವಿರೋಧದಿಂದ ಆ ಯೋಜನೆ ಕೈಬಿಟ್ಟುಹೋಯಿತು. ಅದೇ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಅಧಿಸೂಚನೆಯನ್ನು ತಿದ್ದುವ ಅಧಿಕಾರ ಕೇಂದ್ರದ್ದು, ಅಣುಸ್ಥಾವರವಂತೂ ಪೂರ್ಣವಾಗಿ ಕೇಂದ್ರದ ವಿಷಯ. ಆದರೂ ರಾಜ್ಯದ ಕೈ ಖಾಲಿಯಿಲ್ಲ. ನೆಲ ಮತ್ತು ನೀರು ಸಂವಿಧಾನದಂತೆ ರಾಜ್ಯದ ವಿಷಯಗಳು. ಅರಣ್ಯಭೂಮಿಯ ಪ್ರಸ್ತಾವವೂ ರಾಜ್ಯದ ಮೂಲಕವೇ ದೆಹಲಿಗೆ ಹೋಗಬೇಕು. ಇವುಗಳನ್ನು ಒಪ್ಪಿಸುವ ಮೊದಲು ಕನಿಷ್ಠ ಎರಡು ಪರ್ಯಾಯ ಜಾಗಗಳ ಹೋಲಿಕೆಯನ್ನು ಕೇಳುವುದು, ಸಂಬಂಧಿಸಿದ ಗ್ರಾಮಸಭೆಗಳಲ್ಲಿ ಅದನ್ನು ಚರ್ಚೆಗಿಡುವುದು ರಾಜ್ಯವೇ ರೂಪಿಸಿಕೊಳ್ಳಬಹುದಾದ ನಿಯಮ. ಅದು ತಡವಾಗಿಯಾದರೂ ಬರಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ. ಸ್ಥಳೀಯ ಭಾಷೆಯಲ್ಲಿ ಸಾರಾಂಶ ಕೊಟ್ಟರೆ ಸಾಕೆಂದು ಅಧಿಸೂಚನೆ ಹೇಳಿದರೂ, ಪೂರ್ಣ ವರದಿಯನ್ನು ಕನ್ನಡದಲ್ಲಿಯೇ ಕೇಳಲು ರಾಜ್ಯಕ್ಕೆ ಅಡ್ಡಿಯಿರಬಾರದು.

ಅಲ್ಲಿಯವರೆಗೆ, ಸಭೆಗೆ ಮೂವತ್ತು ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕೆಂಬುದನ್ನು ನೆನಪಿಡಿ, ನಿಮ್ಮ ಆಕ್ಷೇಪವನ್ನು ಬರಹದಲ್ಲಿಯೂ ಸಲ್ಲಿಸಿ. ಸಭೆಯ ಕೊನೆಯಲ್ಲಿ ನಡಾವಳಿಯ ಸಾರವನ್ನು ಕನ್ನಡದಲ್ಲಿ ಓದಿ ಹೇಳುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿಯ ಕರ್ತವ್ಯ; ಅದನ್ನು ಕೇಳಿಸಿಕೊಂಡು, ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲಿಯೇ ಸೇರಿಸಲು ಒತ್ತಾಯಿಸಿ.