ಮಕ್ಕಳ ಪ್ರಾಜೆಕ್ಟ್‌ಗೆ ಮ್ಯಾಪ್: ನಾವು ಮಳೆ ಪುಸ್ತಕದಿಂದ ಶುರು ಮಾಡಿದೆವು

ಹೈಸ್ಕೂಲ್ ಮಕ್ಕಳ ಪ್ರಾಜೆಕ್ಟ್‌ಗೆ ಇಂಟರ್ಯಾಕ್ಟಿವ್ ಮ್ಯಾಪ್ ಬಳಸಬೇಕು, ಶಾಲೆಯಲ್ಲಿ ಇರೋದು ಎರಡೇ ಕಂಪ್ಯೂಟರ್, ನೆಟ್ ಬಂದರೆ ಬಂತು, ಯಾವ ಆ್ಯಪ್ ಒಳ್ಳೆಯದು ಅಂತ ಕೇಳಿದ್ದೀರಿ. ನಾನು ಮಡಿಕೇರಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮದೂ ಇದೇ ಪರಿಸ್ಥಿತಿ. ಜುಲೈನಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಆದರೂ ಮಾಡಿದ್ದೇವೆ. ನೀವೂ ಧೈರ್ಯವಾಗಿ ಶುರು ಮಾಡಿ.

ಆ್ಯಪ್ ಯಾವುದು ಅನ್ನೋದು ಆಮೇಲಿನ ಮಾತು. ಮೊದಲ ವರ್ಷ ನಾವು ಪ್ರವಾಸಿ ತಾಣಗಳ ಮ್ಯಾಪ್ ಮಾಡಿದೆವು. ಅಬ್ಬಿ ಜಲಪಾತ, ರಾಜಾಸೀಟ್, ದುಬಾರೆ, ತಲಕಾವೇರಿ. ನೋಡೋಕೆ ಚೆನ್ನಾಗಿತ್ತು. ಆದರೆ ಅದೆಲ್ಲ ಗೂಗಲ್‌ನಲ್ಲಿ ಮೊದಲೇ ಇರೋದು ಅಲ್ವಾ? ಒಂದು ಮಗುವೂ ಒಂದು ಪ್ರಶ್ನೆ ಕೇಳಲಿಲ್ಲ. ಅದಕ್ಕೇ ಮಕ್ಕಳ ಮನೆಯಲ್ಲೇ ಇರುವ, ಬೇರೆ ಎಲ್ಲೂ ಸಿಗದ ಲೆಕ್ಕ ಏನಿದೆ ಅಂತ ಹುಡುಕಿ.

ನಮ್ಮಲ್ಲಿ ಅದು ಮಳೆ ಲೆಕ್ಕ. ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಮಳೆ ಮಾಪಕ ಇರುತ್ತದೆ. ಬೆಳಗ್ಗೆ ಎದ್ದು ಅಳೆದು ಡೈರಿಯಲ್ಲಿ ಬರೆಯುತ್ತಾರೆ, ಇಂಚು ಮತ್ತು ಸೆಂಟ್‌ನಲ್ಲಿ. ನೂರು ಸೆಂಟ್‌ಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಎಷ್ಟು ಬಿತ್ತು ಅನ್ನೋದು ಬೆಳೆಗಾರರಿಗೆ ಬಹಳ ಮುಖ್ಯ, ಹಾಗಾಗಿ ಹತ್ತಾರು ವರ್ಷದ ಪುಸ್ತಕಗಳು ಕಪಾಟಿನಲ್ಲಿ ಸಿಗುತ್ತವೆ. ಮಕ್ಕಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕ ಬರೆದುಕೊಂಡು ಬರಲು ಹೇಳಿದೆ. ಲೈನ್‌ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ ಮಕ್ಕಳ ಹತ್ತಿರ ಮಾಪಕ ಇರಲಿಲ್ಲ. ಅವರು ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ, ಮೇಲಿನ ಭಾಗವನ್ನು ಆಲಿಕೆಯ ಹಾಗೆ ತಲೆಕೆಳಗಾಗಿ ಇಟ್ಟು, ತಳಕ್ಕೆ ಕಲ್ಲು ಹಾಕಿ, ಕಲ್ಲು ಮುಳುಗುವಷ್ಟು ನೀರು ತುಂಬಿ, ಅಲ್ಲಿ ಸೊನ್ನೆ ಗೆರೆ ಎಳೆದು ಸ್ಕೇಲ್ ಅಂಟಿಸಿದರು. ದಿನಾ ಬೆಳಗ್ಗೆ ಅದೇ ಹೊತ್ತಿಗೆ ಓದಿ, ಮತ್ತೆ ಸೊನ್ನೆಗೆ ತರಬೇಕು. ತೋಟದ ಮನೆಯ ಮಾಪಕಕ್ಕೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಬಂತು, ಆದರೆ ಆ ಮಕ್ಕಳ ಲೆಕ್ಕವೂ ಮ್ಯಾಪ್ ಮೇಲೆ ಬಂತಲ್ಲ, ನನಗೆ ಅದು ದೊಡ್ಡದು.

ಇಷ್ಟಕ್ಕೆ ನೆಟ್ ಬೇಕಿಲ್ಲ ನೋಡಿ. ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಕೈಯಲ್ಲೇ ಜಿಲ್ಲೆಯ ನಕ್ಷೆ ಬರೆಸಿ, ಮೊದಲು ಅದರಲ್ಲೇ ಊರು ಗುರುತಿಸಿದೆವು. ಆಮೇಲೆ ಮನೆಯವರ ಫೋನ್‌ನಲ್ಲಿ ಗೂಗಲ್ ಮ್ಯಾಪ್ ತೆರೆದು, ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ ರೇಖಾಂಶ ಬರುತ್ತದೆ. ದಶಮಾಂಶದ ನಂತರ ಮೂರು ಅಂಕಿ ಸಾಕು, ಅಂದರೆ ಸುಮಾರು ನೂರು ಮೀಟರ್ ಆಚೀಚೆ. ಬೇಕೆಂದೇ ಹಾಗೆ ಮಾಡಿ. ಮಗುವಿನ ಹೆಸರು, ಮನೆಯ ಸರಿಯಾದ ಜಾಗ ಮ್ಯಾಪ್‌ನಲ್ಲಿ ಹೋಗಬಾರದು. ಊರಿನ ಹೆಸರು ಮಾತ್ರ ಇರಲಿ.

ನಾನು ಬಳಸಿದ್ದು ಗೂಗಲ್ ಮೈ ಮ್ಯಾಪ್ಸ್, ನಮ್ಮದೇ ಮ್ಯಾಪ್ ಮಾಡಿಕೊಳ್ಳುವ ಸಾಧನ. ಕಂಪ್ಯೂಟರ್ ಬ್ರೌಸರ್‌ನಲ್ಲಿ ತೆರೆಯಬೇಕು, ಶಿಕ್ಷಕರ ಒಂದು ಖಾತೆ ಸಾಕು. ಎಕ್ಸೆಲ್ ತರಹದ ಶೀಟ್‌ನಲ್ಲಿ ಊರು, ಅಕ್ಷಾಂಶ, ರೇಖಾಂಶ, ಮಳೆ ಅಂತ ನಾಲ್ಕು ಕಾಲಂ ಮಾಡಿ ಒಮ್ಮೆಗೇ ಹಾಕಬಹುದು. ತಿಂಗಳಿಗೊಂದು ಲೇಯರ್, ಅಂದರೆ ಪದರ, ಮಾಡಿದೆವು, ಹತ್ತು ಲೇಯರ್‌ವರೆಗೆ ಅವಕಾಶ ಇದೆ. ಮಳೆ ಕಾಲಂ ನೋಡಿ ಬಣ್ಣ ಹಾಕು ಅಂದರೆ ಅದೇ ಹಾಕುತ್ತದೆ. ಖಾತೆಯೇ ಬೇಡ ಅಂದರೆ ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮೇಲೆ ನಡೆಯುವ ಯುಮ್ಯಾಪ್ ಇದೆ. ಹೆಸರುಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಕಿದರೆ ಅಕ್ಷರವೆಲ್ಲ ಚಿತ್ರವಿಚಿತ್ರ ಆಗುತ್ತದೆ.

ತಪ್ಪುಗಳು ಆಗಲಿ, ತಡೆಯಬೇಡಿ. ಒಂದು ಗುಂಪು ಅಕ್ಷಾಂಶ ರೇಖಾಂಶ ಅದಲು ಬದಲು ಮಾಡಿತು. ಕೊಡಗು ಇರೋದು 12 ಉತ್ತರ, 75 ಪೂರ್ವದ ಹತ್ತಿರ. ತಿರುಗಿಸಿದರೆ ಸೋಮವಾರಪೇಟೆ ನಾರ್ವೆಯಿಂದಾಚೆ ಉತ್ತರದ ಸಮುದ್ರದಲ್ಲಿ ಕೂತಿತ್ತು! ಪಾಠದಲ್ಲಿ ಎಷ್ಟು ಸಲ ಹೇಳಿದರೂ ಹತ್ತದ್ದು ಆವತ್ತು ಹತ್ತಿತು. ಇನ್ನೊಬ್ಬಳು 3 ಇಂಚು 5 ಸೆಂಟ್ ಅನ್ನು 3.5 ಅಂತ ಬರೆದಿದ್ದಳು. ಅದು 3.05 ಅಲ್ವಾ ಅಂತ ಪಕ್ಕದವಳೇ ಹೇಳಿದಳು.

ಬಣ್ಣ ಬಂದ ಮೇಲೆ ಪ್ರಶ್ನೆ ತಾನಾಗೇ ಬಂತು. ಭಾಗಮಂಡಲ ಕಡೆ ಕಡುನೀಲಿ, ಕುಶಾಲನಗರಕ್ಕೆ ಬರುವಷ್ಟರಲ್ಲಿ ಬಿಳಿಚಿಕೊಂಡಿದೆ. ಅರ್ಧ ದಿನದ ಬಸ್ ದಾರಿಯೂ ಇಲ್ಲ, ಇಷ್ಟು ವ್ಯತ್ಯಾಸ ಯಾಕೆ ಸಾರ್ ಅಂದರು. ಗೂಗಲ್ ಅರ್ಥ್‌ನಲ್ಲಿ ಬೆಟ್ಟಗಳನ್ನು ಓರೆಯಾಗಿ ತೋರಿಸಿದೆ. ಅರಬ್ಬೀ ಸಮುದ್ರದ ಗಾಳಿ ಬೆಟ್ಟ ಹತ್ತುವಾಗಲೇ ಹೆಚ್ಚು ಸುರಿದುಬಿಡುತ್ತದೆ ಅಂತ ಅವರೇ ಹೇಳಿದರು.

ಒಂದು ವಿಷಯ ಮಾತ್ರ ಎಚ್ಚರ. ಹಳೇ ವರ್ಷಗಳನ್ನೂ ಹಾಕೋಣ ಅಂತ 2018ರ ಆಗಸ್ಟ್ ತೆಗೆದುಕೊಂಡೆವು. ಕೊಡಗಿನಲ್ಲಿ ಬೆಟ್ಟ ಕುಸಿದ ತಿಂಗಳು. ಮಕ್ಕಂದೂರು ಕಡೆಯ ಹುಡುಗನೊಬ್ಬ ಅಜ್ಜನ ಪುಸ್ತಕ ತಂದಿದ್ದ. ತಿಂಗಳ ಮೊದಲ ಅರ್ಧ ನೀಲಿ ಇಂಕಿನಲ್ಲಿ ಅಚ್ಚುಕಟ್ಟಾಗಿದೆ. 16ರ ನಂತರ ಪುಟ ಖಾಲಿ. ಅವರು ಮನೆ ಬಿಟ್ಟು ಹೋಗಿದ್ದರು. ಹುಡುಗ ಆ ದಿನಗಳಿಗೆಲ್ಲ ಸೊನ್ನೆ ಹಾಕಿದ್ದ. ಮ್ಯಾಪ್‌ನಲ್ಲಿ ಆ ಊರು ಸುತ್ತಲಿನ ಊರುಗಳಿಗಿಂತ ತೆಳು ಬಣ್ಣ, ಮಳೆ ಕಡಿಮೆ ಬಂದ ಹಾಗೆ. ತರಗತಿ ಸುಮ್ಮನಾಯಿತು. ಇಷ್ಟು ಮಳೆ ಬಂದ ಜಾಗ ಇದು, ಹೀಗೆ ತೋರಿಸಬಾರದು ಅಂದಳು ಒಬ್ಬ ಹುಡುಗಿ. ಸೊನ್ನೆ ಬೇರೆ, ಅಳೆಯಲು ಯಾರೂ ಇರಲಿಲ್ಲ ಅನ್ನೋದು ಬೇರೆ. ಸೊನ್ನೆಗಳನ್ನು ಅಳಿಸಿದೆವು. ಅರ್ಧ ತಿಂಗಳ ಮೊತ್ತವನ್ನು ಇಡೀ ತಿಂಗಳದ್ದು ಅಂತ ತೋರಿಸುವುದೂ ತಪ್ಪು, ಹಾಗಾಗಿ ಆ ಊರಿನ ಮಳೆ ಕಾಲಂ ಖಾಲಿ ಬಿಟ್ಟೆವು. ಖಾಲಿ ಇದ್ದರೆ ಮೈ ಮ್ಯಾಪ್ಸ್ ಅದನ್ನು ಬೇರೆ ಗುಂಪಾಗಿ ತೋರಿಸುತ್ತದೆ. ಆ ಗುಂಪಿಗೆ ಬೂದು ಬಣ್ಣ ಕೊಟ್ಟೆವು. ಬೂದು ಚುಕ್ಕೆ ಒತ್ತಿದರೆ ಏನು ಬರಬೇಕು ಅಂತ ಹುಡುಗ ಮನೆಗೆ ಹೋಗಿ ಅಜ್ಜನನ್ನೇ ಕೇಳಿಕೊಂಡು ಬಂದ. "16ರವರೆಗೆ ಅಳೆದೆವು. ಆಮೇಲೆ ಮನೆ ಬಿಟ್ಟೆವು." ಅದನ್ನೇ ಟೈಪ್ ಮಾಡಿದ್ದಾನೆ.