ಈ ವರ್ಷ ಪಕ್ಕವಾದ್ಯದವರನ್ನೇ ಜಾಸ್ತಿ ಕೇಳಿದೆ

ವರ್ಷವಿಡೀ ಕಛೇರಿಗಳಿಗೆ ಹೋಗಿ ಬಂದ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಊರು ಮೈಸೂರಾದ್ದರಿಂದ ಹೆಚ್ಚಿನವು ಇಲ್ಲೇ ಆದವು. ಬೆಂಗಳೂರಿಗೂ ಹೋಗಿದ್ದೆ, ಕುಂದಗೋಳಕ್ಕೂ ಹೋಗಿದ್ದೆ. ಓದಿದವರು ಪ್ರಶ್ನೆ ಕಳಿಸಿದ್ದಾರೆ. ಒಂದೇ ಥರದವನ್ನು ಒಟ್ಟು ಮಾಡಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಇಷ್ಟೊಂದು ಕಛೇರಿ ಕೇಳಿದ್ದೀರಿ ಮೇಡಂ. ಎಲ್ಲರಿಗಿಂತ ಚೆನ್ನಾಗಿ ಹಾಡಿದವರು ಯಾರು? — ತಿಪಟೂರಿನ ಓದುಗರು

ಈ ವರ್ಷ ಹಾಡುವವರನ್ನು ಒಬ್ಬರ ಪಕ್ಕ ಒಬ್ಬರನ್ನಿಟ್ಟು ತೂಗಲಿಲ್ಲ. ನನ್ನ ಕಿವಿ ಅವರ ಎಡಬಲಕ್ಕೆ ಕೂತು ಪಿಟೀಲು, ಮೃದಂಗ, ಘಟ ನುಡಿಸುವ ಪಕ್ಕವಾದ್ಯದವರ ಕಡೆಗೇ ಇತ್ತು. ಮನಸ್ಸಿನಲ್ಲಿ ಉಳಿದವರೂ ಅವರೇ.

ಒಂದು ಸಂಜೆಯ ಬಗ್ಗೆ ಹೇಳುತ್ತೇನೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿಯವರ ರಾಮನವಮಿ ಸಂಗೀತೋತ್ಸವ ನಡೆಯುತ್ತದಲ್ಲ, 1939ರಲ್ಲಿ ಶುರುವಾದದ್ದು, ಅಲ್ಲಿ ಕೇಳಿದ ಕಛೇರಿ. ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲು. ಗಾಯಕಿ ಖರಹರಪ್ರಿಯ ರಾಗ ಎತ್ತಿಕೊಂಡರು. ಪಿಟೀಲಿನ ಹುಡುಗಿಗೆ ಇಪ್ಪತ್ತೈದರ ಆಸುಪಾಸು ಇರಬಹುದು. ಗಾಯಕಿ ಒಂದು ಸಂಚಾರ ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅದರ ಕೊನೆಯ ಸ್ವರವನ್ನು ಇವಳು ಹಿಡಿದಿರುತ್ತಿದ್ದಳು. ಹಾಡಿನ ಮೇಲೆ ಬೀಳಲಿಲ್ಲ, ಹಿಂದೆಯೂ ಉಳಿಯಲಿಲ್ಲ. ಆಮೇಲೆ ಅವಳ ಸರದಿ ಬಂತು. ಗಾಯಕಿ ಆಗಲೇ ತಾರಸ್ಥಾಯಿಯಲ್ಲಿ, ಅಂದರೆ ಮೇಲಿನ ಸ್ವರಗಳಲ್ಲಿ, ಬೇಕಾದಷ್ಟು ಓಡಾಡಿ ಬಂದಿದ್ದರು. ಹುಡುಗಿ ಆ ಕಡೆ ಹೋಗಲೇ ಇಲ್ಲ. ಕೆಳಗಿನ ಮಂದ್ರಸ್ಥಾಯಿಯ ನಿಷಾದದ ಮೇಲೆ ನಿಂತು, ತುಂಬ ಹೊತ್ತು ಅಲ್ಲೇ ಇದ್ದು, ರಿಷಭಕ್ಕೆ ನಿಧಾನವಾಗಿ ಬಂದಳು. ಗಾಯಕಿ ಪೂರ್ತಿ ಅವಳ ಕಡೆ ತಿರುಗಿ ಕೂತು "ಭಲೇ" ಅಂದರು. ಎರಡು ನಿಮಿಷ ಇದ್ದಿರಬೇಕು, ಅಷ್ಟೇ. ಆ ಸಂಜೆಯ ಖರಹರಪ್ರಿಯ ಅಂದರೆ ನನಗೆ ಆ ಎರಡು ನಿಮಿಷ.

ಪ್ರಶ್ನೆ: ಇವರೆಲ್ಲ ಮೊದಲೇ ಸೇರಿ ಅಭ್ಯಾಸ ಮಾಡಿರುತ್ತಾರೆ ಅಲ್ವಾ? — ಸಾಗರದ ಓದುಗರು

ಕರ್ನಾಟಕ ಸಂಗೀತದಲ್ಲಿ ಬಹಳಷ್ಟು ಸಲ ಇಲ್ಲ. ಎಷ್ಟೋ ಕಛೇರಿಗಳಲ್ಲಿ ಗಾಯಕರು, ಪಿಟೀಲಿನವರು, ಮೃದಂಗದವರು ಭೇಟಿಯಾಗುವುದೇ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ. ಇವತ್ತು ಯಾವ ಕೃತಿ, ಯಾವ ತಾಳ ಅನ್ನುವುದು ಪಕ್ಕವಾದ್ಯದವರಿಗೆ ಗೊತ್ತಿರಬೇಕು ಅಂತೇನೂ ಇಲ್ಲ. ನಾನು ಬೇರೆಯವರಿಗೆ ಇದನ್ನು ಹೇಳಿದಾಗ ನಂಬುವುದಿಲ್ಲ.

ಗಾಯಕರು ಒಂದು ಸಾಲು ಹಾಡುತ್ತಾರೆ. ತೊಡೆಯ ಮೇಲೆ ಬೀಳುವ ಕೈ ನೋಡಿ ಮೃದಂಗದವರು ತಾಳ ಹಿಡಿಯುತ್ತಾರೆ. ಪಲ್ಲವಿ ಎಲ್ಲಿ ಎತ್ತಿದರು, ತಾಳದ ಮೊದಲ ಪೆಟ್ಟಾದ ಸಮದ ಮೇಲೋ ಅದಾದ ಮೇಲೋ, ಅದನ್ನೂ ತಾಳದ ಆ ಒಂದು ಸುತ್ತಿನಲ್ಲೇ, ಅಂದರೆ ಒಂದು ಆವರ್ತನದಲ್ಲೇ, ಗೊತ್ತು ಮಾಡಿಕೊಳ್ಳಬೇಕು. ಹಾಡಿನ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್, ಅಲ್ಲೇ ಹೊಳೆದಂತೆ ಸ್ವರ ಹಾಕುವ ಸ್ವರಕಲ್ಪನೆಯಲ್ಲಂತೂ ಪಿಟೀಲಿನವರು ಕೇಳಿದ ತಕ್ಷಣ ಉತ್ತರ ಕೊಡಬೇಕು. ಯೋಚನೆ ಮಾಡೋಕೆ ಸಮಯ ಇಲ್ಲ. ಇದರ ಹಿಂದೆ ವರ್ಷಗಟ್ಟಲೆ ಕಲಿತ ಪಾಠ ಇದೆ, ಸಾವಿರಾರು ಗಂಟೆ ಬೇರೆಯವರ ಸಂಗೀತ ಕೇಳಿದ ಕಿವಿ ಇದೆ.

ನಮ್ಮ ಪಿಟೀಲು ಚೌಡಯ್ಯನವರನ್ನೇ ನೋಡಿ. ತಿರುಮಕೂಡಲು ನರಸೀಪುರದ ಕಡೆಯವರು. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕ್ ಇಲ್ಲದ ಕಾಲದಲ್ಲಿ ಗಾಯಕರ ಗಂಟಲಿನ ಮುಂದೆ ಪಿಟೀಲಿನ ಸದ್ದು ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೇ ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಪಕ್ಕದಲ್ಲಿ ಕೂತವನ ವಾದ್ಯವೂ ಕೊನೆಯ ಸಾಲಿನವರಿಗೆ ಕೇಳಿಸಬೇಕು ಅನ್ನುವ ಹಟ ಅದು. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನ ಅವರ ಹೆಸರಿನದು. ಅಲ್ಲಿ ಮುಂದಿನ ಸಲ ಕೂತಾಗ ಈ ಏಳು ತಂತಿಯ ವಿಷಯ ಜೊತೆಗಿದ್ದವರಿಗೆ ಹೇಳಿ.

ಪ್ರಶ್ನೆ: ತನಿ ಆವರ್ತನ ಶುರುವಾದರೆ ಜನ ಕಾಫಿಗೆ ಎದ್ದು ಹೋಗುತ್ತಾರೆ. ನಿಜ ಹೇಳಬೇಕೆಂದರೆ ನನಗೂ ಅದು ಅರ್ಥವಾಗುವುದಿಲ್ಲ. ಏನು ಮಾಡಲಿ? — ಬೆಂಗಳೂರು, ಜಯನಗರದ ಓದುಗರು

ಎದ್ದು ಹೋಗಬೇಡಿ. ಇದೊಂದನ್ನು ನಿಮ್ಮನ್ನು ಕೈ ಮುಗಿದು ಕೇಳಿಕೊಳ್ಳುತ್ತೇನೆ.

ತನಿ ಅಂದರೆ ಹಾಡು ನಿಂತು ಲಯವಾದ್ಯದವರಷ್ಟೇ ನುಡಿಸುವ ಹೊತ್ತು. ಒಂದೂವರೆ ಗಂಟೆಯಿಂದ ಮೃದಂಗದ ಆ ಮನುಷ್ಯ ಇನ್ನೊಬ್ಬರ ಹಾಡಿಗೆ ಬಾರಿಸುತ್ತಿದ್ದಾನೆ. ಎಲ್ಲಿ ಮೆತ್ತಗಾಗಬೇಕೋ ಅಲ್ಲಿ ಮೆತ್ತಗಾಗಿದ್ದಾನೆ. ಚರಣದಲ್ಲಿ ಸಾಹಿತ್ಯ ಮುಖ್ಯವಾದಾಗ ಬರೀ ಎರಡು ಬೆರಳಲ್ಲಿ ನುಡಿಸಿದ್ದಾನೆ. ಈಗ ಹತ್ತು ಹದಿನೈದು ನಿಮಿಷ ಅವನಿಗೇ ಅಂತ ಸಿಕ್ಕಿದೆ. ಸರಿಯಾಗಿ ಅದೇ ಹೊತ್ತಿಗೆ ಮುಂದಿನ ಎರಡು ಸಾಲು ಎದ್ದು ಬೆನ್ನು ತೋರಿಸಿದರೆ ಹೇಗಿರುತ್ತದೆ? ಈ ವರ್ಷ ಒಂದು ಕಛೇರಿಯಲ್ಲಿ ನಾನು ವೇದಿಕೆ ಹತ್ತಿರವೇ ಕೂತಿದ್ದೆ. ಘಟದವರು ಶುರು ಮಾಡುವಾಗ ಎದುರಿಗಿದ್ದ ಖಾಲಿ ಕುರ್ಚಿಗಳನ್ನು ಒಮ್ಮೆ ನೋಡಿ ತಲೆ ತಗ್ಗಿಸಿಕೊಂಡರು. ತುಂಬ ಬೇಜಾರಾಯಿತು.

ಅರ್ಥವಾಗುವುದಿಲ್ಲ ಅಂದಿರಲ್ಲ, ಒಂದು ದಾರಿ ಇದೆ. ಆದಿತಾಳವಾದರೆ ಎಂಟು ಎಣಿಕೆ. ಒಂದು ಪೆಟ್ಟು, ಮೂರು ಬೆರಳು, ಮತ್ತೆ ಪೆಟ್ಟು ಮತ್ತು ಬೀಸು, ಇನ್ನೊಮ್ಮೆ ಪೆಟ್ಟು ಮತ್ತು ಬೀಸು. ಗಾಯಕರ ಕೈ ನೋಡಿಕೊಂಡು ನೀವೂ ಹಾಕಿ. ತಪ್ಪಿದರೆ ಮತ್ತೆ ಅವರ ಕೈ ನೋಡಿ. ಮೊದಲು ಮೃದಂಗದವರು ನಿಧಾನವಾಗಿ ಬೆಳೆಸುತ್ತಾರೆ, ಆಮೇಲೆ ಘಟ ಅಥವಾ ಖಂಜಿರದವರು. ಮುಂದೆ ಇಬ್ಬರ ಸರದಿಯೂ ಚಿಕ್ಕದಾಗುತ್ತಾ ಬರುತ್ತದೆ. ಎರಡು ಆವರ್ತನ ಇದ್ದದ್ದು ಒಂದಾಗುತ್ತದೆ, ಒಂದು ಅರ್ಧವಾಗುತ್ತದೆ, ಅರ್ಧ ಕಾಲಾಗುತ್ತದೆ. ಕೊನೆಗೆ ಇಬ್ಬರೂ ಸೇರಿ ಒಂದು ಮುಕ್ತಾಯವನ್ನು ಮೂರು ಸಲ ನುಡಿಸುತ್ತಾರೆ. ಮೂರನೆಯದು ಮುಗಿಯುವ ಕಡೆ ಸರಿಯಾಗಿ ಗಾಯಕರು ಹಾಡಿನ ಸಾಲು ಎತ್ತುತ್ತಾರೆ. ಎಣಿಸಿಕೊಂಡು ಬಂದಿದ್ದರೆ ಆ ಕ್ಷಣ ಮೈ ಜುಂ ಅನ್ನುತ್ತದೆ. ಎಣಿಸದೆ ಇದ್ದವರಿಗೆ ಅದು ಸುಮ್ನೆ ಚಪ್ಪಾಳೆ ತಟ್ಟುವ ಜಾಗ.

ಮೇಲೆ ಹೇಳಿದ ರಾಮನವಮಿ ಕಛೇರಿಯಲ್ಲಿ ಆಮೇಲೆ ಜೋರು ಮಳೆ ಬಂತು. ತಗಡಿನ ಮೇಲೆ ಮಳೆ ಸುರಿಯುವ ಸದ್ದಿಗೆ ಹಾಡು ಕೇಳಿಸದ ಹಾಗಾಯಿತು. ಗಾಯಕಿ ಸ್ವರ ಹಾಕುವುದನ್ನು ಬೇಗ ಮುಗಿಸಿ ಮೃದಂಗದವರಿಗೆ ಸನ್ನೆ ಮಾಡಿ ತನಿ ಬಿಟ್ಟುಕೊಟ್ಟರು. ಆ ಮಳೆಯಲ್ಲಿ ಯಾರೂ ಏಳುವ ಹಾಗಿರಲಿಲ್ಲ. ಮೃದಂಗದವರು ಮಳೆಗೆ ಪೈಪೋಟಿ ಕೊಡಲಿಲ್ಲ. ಎಡಗೈಯ ಗುಮುಕಿಯನ್ನೇ, ಆ ಗುಂಯ್ ಅನ್ನುವ ತಗ್ಗಿನ ನಾದವನ್ನೇ, ಹೆಚ್ಚು ಬಳಸಿದರು, ಮಧ್ಯೆ ಮಧ್ಯೆ ಜಾಗ ಬಿಟ್ಟರು. ಅಷ್ಟೊಂದು ಜನ ಒಟ್ಟಿಗೆ ತಾಳ ಹಾಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಮುಕ್ತಾಯಕ್ಕೆ ಎದ್ದ ಚಪ್ಪಾಳೆ ಮಳೆಗಿಂತ ಜೋರಾಗಿತ್ತು. ಜನರಿಗೆ ಲಯ ಬೇಡ ಅನ್ನುವ ಮಾತನ್ನು ಅವತ್ತಿನಿಂದ ನಾನು ಒಪ್ಪುವುದಿಲ್ಲ. ಅವರು ಕೂತು ಕೇಳಿಲ್ಲ, ಅಷ್ಟೇ.

ಪ್ರಶ್ನೆ: ಯೂಟ್ಯೂಬಿನಲ್ಲಿ ಎಲ್ಲ ಸಿಗುವಾಗ ಅಷ್ಟು ದೂರ ಹೋಗುವುದು ಯಾಕೆ? — ಶಿವಮೊಗ್ಗದ ಓದುಗರು

ನಾನೂ ಕೇಳುತ್ತೇನೆ. ಆದರೆ ಕ್ಯಾಮೆರಾ ಹಾಡುವವರ ಮುಖದ ಮೇಲೆ ಇರುತ್ತದೆ. ಆ ಹೊತ್ತಿಗೆ ಪಿಟೀಲಿನವರು ಮೃದಂಗದವರ ಕಡೆ ನೋಡಿ ನಕ್ಕದ್ದು ಅದರಲ್ಲಿ ಇರುವುದಿಲ್ಲ. ಹಿಂದೆ ಕೂತ ತಂಬೂರಿಯ ಶಿಷ್ಯೆ ಕಣ್ಣು ಮುಚ್ಚಿಕೊಂಡದ್ದೂ ಇರುವುದಿಲ್ಲ. ಸಾಧ್ಯವಾದರೆ ಇಪ್ಪತ್ತು ನಿಮಿಷ ಮುಂಚೆ ಹೋಗಿ. ಮೃದಂಗದ ಎಡಮುಖಕ್ಕೆ ರವೆ ಕಲಸಿ ಹಚ್ಚುವುದು, ಬಲಮುಖವನ್ನು ಕಲ್ಲಿನಿಂದ ತಟ್ಟಿ ತಟ್ಟಿ ಶ್ರುತಿಗೆ ತರುವುದು, ಇವೆಲ್ಲ ನೋಡಲು ಸಿಗುತ್ತವೆ. ನನ್ನ ಮಟ್ಟಿಗೆ ಕಛೇರಿ ಅಲ್ಲಿಂದಲೇ ಶುರು.

ಪ್ರಶ್ನೆ: ಈಚೆಗೆ ಕಛೇರಿಗಳಲ್ಲಿ ಮೈಕ್ ಸದ್ದು ತಡೆಯೋಕಾಗುವುದಿಲ್ಲ. ನನ್ನ ಕಿವಿಯೇ ಸರಿ ಇಲ್ಲವೋ? — ಮಂಗಳೂರಿನ ಓದುಗರು

ನಿಮ್ಮ ಕಿವಿ ಸರಿಯಾಗೇ ಇದೆ. ಬಹಳ ಸಭಾಂಗಣಗಳಲ್ಲಿ ಇದೇ ಗೋಳು. ಕಲಾವಿದರಿಗೆ ಒಬ್ಬರದ್ದು ಒಬ್ಬರಿಗೆ ಕೇಳಿಸುವುದಿಲ್ಲ. "ಪಿಟೀಲು ಸ್ವಲ್ಪ ಜಾಸ್ತಿ ಮಾಡಿ" ಅಂತ ಒಬ್ಬರು ಸನ್ನೆ ಮಾಡುತ್ತಾರೆ, "ಮೃದಂಗ ಜಾಸ್ತಿ ಮಾಡಿ" ಅಂತ ಇನ್ನೊಬ್ಬರು. ಕಡಿಮೆ ಮಾಡಿ ಅನ್ನುವವರು ಯಾರೂ ಇಲ್ಲ. ಹೀಗೆ ಏರುತ್ತಲೇ ಹೋಗುತ್ತದೆ. ಇದರಲ್ಲಿ ಮೊದಲು ಸಾಯುವುದು ಪಕ್ಕವಾದ್ಯದ ನಯ. ಬೆರಳ ತುದಿಯ ಕೆಲಸವೆಲ್ಲ ಗದ್ದಲವಾಗಿ ಕೇಳಿಸುತ್ತದೆ.

ಮೃದಂಗದ ಮಹಾನುಭಾವ ಪಾಲ್ಘಾಟ್ ಮಣಿ ಅಯ್ಯರ್ ಅವರು ಕೊನೆಕೊನೆಗೆ ಮೈಕ್ ಇಟ್ಟರೆ ನುಡಿಸುವುದಿಲ್ಲ ಅಂತ ಹಟ ಹಿಡಿದಿದ್ದರು. ಮೃದಂಗದವರಲ್ಲಿ ಮೊದಲು ಸಂಗೀತ ಕಲಾನಿಧಿಯಾದವರು ಅವರೇ, 1966ರಲ್ಲಿ. ದೊಡ್ಡ ಸಭೆಗಳಲ್ಲಿ ಇವತ್ತು ಅದು ಕಷ್ಟ. ಆದರೆ ನೂರು ಜನ ಕೂರುವ ಜಾಗಕ್ಕೆ ಆಳೆತ್ತರದ ಸ್ಪೀಕರ್ ಯಾಕೆ ಬೇಕು? ಈ ವರ್ಷ ಮೈಸೂರಿನಲ್ಲಿ ಪರಿಚಯದವರ ಮನೆಯ ಹಾಲಿನಲ್ಲಿ, ಜಮಖಾನ ಹಾಸಿ, ಮೈಕ್ ಇಲ್ಲದೆ ಒಂದು ವೀಣಾ ಕಛೇರಿ ಆಯಿತು. ವೀಣೆ ಮೆತ್ತಗಿನ ವಾದ್ಯ. ಮೃದಂಗದವರು ಅದಕ್ಕಿಂತ ಒಂದು ಎಳೆ ಕೆಳಗೇ ನುಡಿಸಿದರು. ತಂತಿ ಎಳೆದಾಗ ಗಮಕ, ಅಂದರೆ ಸ್ವರದ ಓಲಾಟ, ಎಲ್ಲಿ ಮುಗಿಯಿತು ಅನ್ನುವುದೂ ಕೇಳಿಸುತ್ತಿತ್ತು. ಸದ್ದು ಜಾಸ್ತಿಯಾದರೆ ಸಂಘಟಕರಿಗೆ ಮಧ್ಯದಲ್ಲೇ ಹೋಗಿ ಹೇಳಿ. ಸಂಕೋಚ ಬೇಡ. ನಾನು ಹೇಳುತ್ತೇನೆ. ಎಷ್ಟೋ ಸಲ ತಕ್ಷಣ ಕಡಿಮೆ ಮಾಡುತ್ತಾರೆ.

ಪ್ರಶ್ನೆ: ನೀವು ಬರೇ ಕರ್ನಾಟಕಿ ಬಗ್ಗೆ ಹೇಳ್ತೀರಿ. ನಮ್ಮ ಕಡೆ ಸಾಥ್ ಕೊಡೋರು ಕಾಣಂಗಿಲ್ಲೇನ್ರಿ? — ಹುಬ್ಬಳ್ಳಿಯ ಓದುಗರು

ಕಂಡರು, ಅದೂ ನಿಮ್ಮ ಊರಿನ ಪಕ್ಕದಲ್ಲೇ! ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿಗೆ ಕುಂದಗೋಳದ ನಾಡಗೀರ ವಾಡೆಯಲ್ಲಿ, ಆ ಹಳೆಯ ದೊಡ್ಡ ಮನೆಯಲ್ಲಿ, ನಡೆಯುವ ಅಹೋರಾತ್ರಿ ಸಂಗೀತಕ್ಕೆ ಹೋಗಿದ್ದೆ. ಅವರು ತೀರಿಕೊಂಡಿದ್ದು 1952ರ ಸೆಪ್ಟೆಂಬರ್ 12ರಂದು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಬ್ಬರೂ ಅವರ ಶಿಷ್ಯರು. ಗಂಗೂಬಾಯಿಯವರು ಪಾಠಕ್ಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬರುತ್ತಿದ್ದರು.

ರಾತ್ರಿ 10 ಆದ ಮೇಲೆ ಬೆಳಗಿನ 6ರ ತನಕ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯಲ್ಲಿ ನಿಯಮ ಬಂತು. ಮಲಗುವವರಿಗೆ ಅದು ಬೇಕೇ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಅದರಿಂದ ನಡುರಾತ್ರಿಯ ರಾಗಗಳನ್ನು ಅವುಗಳ ಹೊತ್ತಿನಲ್ಲಿ ಕೇಳುವ ಭಾಗ್ಯ ಕಡಿಮೆಯಾಯಿತು. ಅದಕ್ಕೇ ವಾಡೆಯ ಆ ರಾತ್ರಿ ನನಗೆ ಅಷ್ಟು ದೊಡ್ಡದು. ಮಾಲಕಂಸ ರಾಗಕ್ಕೆ ಮುಂಚೆ ತಂಬೂರಿಯ ಮೊದಲ ತಂತಿಯನ್ನು ಪಂಚಮದಿಂದ ಮಧ್ಯಮಕ್ಕೆ ಇಳಿಸಿದರು, ಆ ರಾಗದಲ್ಲಿ ಪಂಚಮ ಇಲ್ಲವಲ್ಲ. ಆ ಒಂದು ತಂತಿ ಬದಲಾದದ್ದಕ್ಕೇ ಇಡೀ ಅಂಗಳದ ಗಾಳಿ ಬೇರೆ ಆಯಿತು.

ಸಾಥ್, ಅಂದರೆ ಆ ಕಡೆಯ ಪಕ್ಕವಾದ್ಯದ ಬಗ್ಗೆ ಕೇಳಿದಿರಿ. ವಿಲಂಬಿತ ಏಕತಾಳ, ಹನ್ನೆರಡು ಮಾತ್ರೆ. ಅಷ್ಟು ನಿಧಾನದಲ್ಲಿ ಒಂದು ಆವರ್ತನಕ್ಕೆ ಮುಕ್ಕಾಲು ನಿಮಿಷವೋ ಒಂದು ನಿಮಿಷವೋ ಹಿಡಿಯುತ್ತದೆ. ತಬಲಾದವರು ಅರ್ಧ ಗಂಟೆ ಆ ಠೇಕಾ, ಅಂದರೆ ತಾಳದ ಮೂಲ ನುಡಿ, ಬಿಟ್ಟು ಅಲುಗಲಿಲ್ಲ. ಅಷ್ಟು ತಾಳ್ಮೆಯಿಂದ ನುಡಿಸುವುದು ಎಂಥ ಕಷ್ಟ ಅಂತ ಕೈಯಲ್ಲಿ ಎಣಿಸಿ ನೋಡಿದವರಿಗೆ ಗೊತ್ತು. ಹಾರ್ಮೋನಿಯಂನವರಂತೂ ಗಾಯಕರು ಸಾಲು ಮುಗಿಸುವುದಕ್ಕೆ ಕಾಯ್ದು, ಬಾಲದ ಎರಡು ಸ್ವರ ಮಾತ್ರ ತೋರಿಸಿ ಸುಮ್ಮನಾಗುತ್ತಿದ್ದರು. ಈ ವಾದ್ಯವನ್ನು ಆಕಾಶವಾಣಿ 1940ರಿಂದ 1971ರವರೆಗೆ ದೂರ ಇಟ್ಟಿತ್ತು. ಕೀಲಿಗಳ ಮೇಲೆ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಎಳೆತ, ಎಳೆಯಲು ಬರುವುದಿಲ್ಲ ಅನ್ನುವುದು ಒಂದು ಕಾರಣ. ಕುಂದಗೋಳದಲ್ಲಿ ಕೇಳಿದವರಿಗೆ ಆ ಕೊರತೆ ಕಾಣುತ್ತಿರಲಿಲ್ಲ.

ಪ್ರಶ್ನೆ: ಎಂಟನೇ ಕ್ಲಾಸಿನ ಮಗಳು ಮೃದಂಗ ಕಲಿಯುತ್ತೇನೆ ಅಂತಾಳೆ. ಮನೆಯಲ್ಲಿ ಹಿರಿಯರು, ಹೆಣ್ಣುಮಕ್ಕಳಿಗೆ ಅದು ಯಾಕೆ, ಹಾಡು ಕಲಿಯಲಿ ಅಂತಾರೆ. ನೀವೇನಂತೀರಿ? — ಹಾಸನದ ತಾಯಿ

ಕಲಿಸಿ ತಾಯಿ. ಈ ತಿಂಗಳೇ ಸೇರಿಸಿ.

ಹಿರಿಯರಿಗೆ ಬೆಂಗಳೂರಿನ ಘಟಂ ವಿದುಷಿ ಸುಕನ್ಯಾ ರಾಮಗೋಪಾಲ್ ಅವರ ಹೆಸರು ಹೇಳಿ. ಹೆಂಗಸು ಅಂತ ಜೊತೆಗೆ ನುಡಿಸಲು ಒಪ್ಪದ ಮೃದಂಗದವರಿದ್ದ ಕಾಲದಲ್ಲಿ ಅವರು ಘಟ ಹಿಡಿದು ವೇದಿಕೆಗೆ ಬಂದವರು. ಹೆಂಗಸರದ್ದೇ ಲಯವಾದ್ಯದ ತಂಡ ಕಟ್ಟಿದರು. ಪಿಟೀಲಿನ ಎ. ಕನ್ಯಾಕುಮಾರಿ ಅವರ ಹೆಸರನ್ನೂ ಹೇಳಿ. ಪಿಟೀಲು ನುಡಿಸುವ ಹೆಂಗಸೊಬ್ಬರಿಗೆ ಸಂಗೀತ ಕಲಾನಿಧಿ ಮೊದಲು ಬಂದದ್ದು 2016ರಲ್ಲಿ, ಅದೂ ಇವರಿಗೆ. ಅಷ್ಟು ತಡವಾಗಿ ಬಂತಲ್ಲ ಅಂತ ನನಗೆ ಇವತ್ತಿಗೂ ಸಂಕಟ.

ಮೈಸೂರಿನ ವಿ.ವಿ. ಮೊಹಲ್ಲಾದ 8ನೇ ಕ್ರಾಸ್ ಗಣೇಶೋತ್ಸವದಲ್ಲಿ ಸಂಗೀತ ನಡೆಯುವುದು ರಸ್ತೆಯಲ್ಲೇ. ಅಲ್ಲಿ ಈ ಸಲ ನನ್ನ ಪಕ್ಕ ಹತ್ತು ವರ್ಷದ ಒಬ್ಬ ಹುಡುಗಿ ಅಜ್ಜನ ಜೊತೆ ಕೂತಿದ್ದಳು. ಹಾಡುವವರ ಕಡೆ ಒಮ್ಮೆಯೂ ನೋಡಲಿಲ್ಲ. ಎರಡೂವರೆ ಗಂಟೆ ಮೃದಂಗದವರ ಬಲಗೈಯನ್ನೇ ನೋಡಿದಳು. ಅಂಥ ಮಕ್ಕಳಿಗೆ ಬೇರೆ ಏನೋ ಕಲಿ ಅನ್ನಬಾರದು.

ಶುರುವಿನಲ್ಲಿ ವಾದ್ಯದ ಭಾರ ನೋಡಿಕೊಳ್ಳಿ. ಮೇಲಿನ ಶ್ರುತಿಯ ಮೃದಂಗ ಸ್ವಲ್ಪ ಚಿಕ್ಕದು, ಹಗುರ. ಮಗುವಿಗೆ ಅದು ಸಾಕು. ಗುರುಗಳು ಹೊಡೆತಕ್ಕಿಂತ ಮೊದಲು ಬಾಯಲ್ಲಿ ಸೊಲ್ಲು, ಅಂದರೆ ಆ ಹೊಡೆತದ ಅಕ್ಷರಗಳನ್ನು, ಹೇಳಿಸುತ್ತಾರೆ. ಮನೆಯಲ್ಲಿ ಅದನ್ನು ಗಲಾಟೆ ಅನ್ನಬೇಡಿ.

ಪ್ರಶ್ನೆ: ದುಡ್ಡು ಎಷ್ಟು ಬೇಕು? ಎಲ್ಲಿಂದ ಶುರು ಮಾಡಲಿ? — ಮಂಡ್ಯದ ಓದುಗರು

ಜಾಸ್ತಿ ಬೇಡ. ಗಣೇಶನ ಹಬ್ಬ, ರಾಮನವಮಿ, ತ್ಯಾಗರಾಜರ ಮತ್ತು ಪುರಂದರದಾಸರ ಆರಾಧನೆ, ಇವುಗಳಲ್ಲಿ ಎಷ್ಟೋ ಕಛೇರಿಗೆ ಟಿಕೆಟ್ಟೇ ಇಲ್ಲ. ಆರಾಧನೆಗಳೆರಡೂ ಪುಷ್ಯ ಮಾಸದಲ್ಲಿ ಬರುತ್ತವೆ. ನಿಮ್ಮ ಊರಿನಲ್ಲೇ ಯಾರಾದರೂ ಮಾಡುತ್ತಿರುತ್ತಾರೆ, ದೇವಸ್ಥಾನದ ಬೋರ್ಡ್ ನೋಡಿ. ಕರಪತ್ರ ಸಿಕ್ಕಿದರೆ ಹಾಡುವವರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಹೆಸರುಗಳನ್ನೂ ಓದಿಕೊಳ್ಳಿ. ಕಛೇರಿ ಮುಗಿದ ಮೇಲೆ ಎಲ್ಲರೂ ಗಾಯಕರ ಸುತ್ತ ನಿಂತಿರುತ್ತಾರೆ. ಮೃದಂಗದವರು ಒಬ್ಬರೇ ಗವಸು ಹಾಕುತ್ತಿರುತ್ತಾರೆ. ಅವರ ಹತ್ತಿರ ಹೋಗಿ, ಹೆಸರು ಹಿಡಿದು, ಯಾವ ಹಾಡಿಗೆ ನುಡಿಸಿದ್ದು ಇಷ್ಟವಾಯಿತು ಅಂತ ಹೇಳಿ ಬನ್ನಿ.