ಹಾಕಿಕೊಂಡ ಟೈಮ್‌ಟೇಬಲ್ ಮೂರೇ ದಿನಕ್ಕೆ ಕೈಬಿಟ್ಟು ಹೋಗುತ್ತದೆ, ಏನು ಮಾಡಲಿ?

ಬೆಳಗ್ಗೆ 5ರಿಂದ ರಾತ್ರಿವರೆಗೆ ಗಂಟೆ ಗಂಟೆಗೂ ಕೆಲಸ ಬರೆದಿಡ್ತೀನಿ, ಮೂರನೇ ದಿನ ಎಲ್ಲಾ ನಿಂತುಹೋಗುತ್ತೆ, ನನಗೆ ಶಿಸ್ತೇ ಇಲ್ವಾ ಅಂತ ಕೇಳಿದ್ದೀರಿ. ಶಿಸ್ತಿನ ಮಾತು ಆಮೇಲೆ. ನಿಮ್ಮ ಟೈಮ್‌ಟೇಬಲ್‌ನಲ್ಲಿ ತಲೆನೋವಿಗೆ, ತಡವಾದ ಊಟಕ್ಕೆ, ನಡುವೆ ಬರುವ ಫೋನಿಗೆ ಜಾಗವೇ ಇಲ್ಲ ಅಲ್ವಾ? ಒಂದು ಕೆಲಸ ಅರ್ಧ ಗಂಟೆ ಜಾಸ್ತಿ ಹಿಡಿದರೂ ಉಳಿದದ್ದೆಲ್ಲ ಏರುಪೇರಾಗುತ್ತದೆ.

ಈ ಅಂದಾಜು ತಪ್ಪುವುದು ನಿಮಗೊಬ್ಬರಿಗೇ ಅಲ್ಲ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಅಂತ ವಿದ್ಯಾರ್ಥಿಗಳನ್ನು ಕೇಳಿದರು. ಸರಾಸರಿ 34 ದಿನ ಅಂದರು. ಏನೇನು ಅಡ್ಡಿ ಬರಬಹುದೋ ಎಲ್ಲಾ ಬಂದರೂ 49 ಅಂದರು. ಕೊನೆಗೆ ಹಿಡಿದದ್ದು 55ಕ್ಕೂ ಜಾಸ್ತಿ!

ನಾನು ಈಗ ಗಂಟೆ ಲೆಕ್ಕ ಬಿಟ್ಟಿದ್ದೇನೆ. ವಾರದ ಕೆಲಸಗಳನ್ನು ಒಂದೇ ಪುಟದಲ್ಲಿ ಬರೆದುಕೊಂಡು, ದಿನಕ್ಕೆ ಒಂದನ್ನು ಮಾತ್ರ ಆಗಲೇಬೇಕು ಅಂತ ಗುರುತು ಮಾಡುತ್ತೇನೆ. ಬೇರೆಯವು ಆದರೆ ಆಯ್ತು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದು ಅಭ್ಯಾಸ: ಪ್ರತಿ ಕೆಲಸದ ಪಕ್ಕ ಅದರ ಚಿಕ್ಕ ರೂಪವನ್ನೂ ಬರೆದಿಡುವುದು. "ವ್ಯಾಯಾಮ, ಇಲ್ಲಾಂದ್ರೆ ಹತ್ತು ನಿಮಿಷ ನಡಿಗೆ." "ಒಂದು ಅಧ್ಯಾಯ, ಇಲ್ಲಾಂದ್ರೆ ಎರಡು ಪುಟ." ಸುಸ್ತಾಗಿ ಕೂತಾಗ ಯೋಚನೆ ಮಾಡೋಕೆ ಆಗಲ್ಲ. ಅದಕ್ಕೇ ಮನಸ್ಸು ಚೆನ್ನಾಗಿರುವಾಗಲೇ ತೀರ್ಮಾನ ಮಾಡಿಟ್ಟಿರಬೇಕು.

ಅದೂ ಆಗದ ದಿನ? ಬಿಟ್ಟುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಅಭ್ಯಾಸಗಳು ಹೇಗೆ ಬೇರೂರುತ್ತವೆ ಅಂತ ನೋಡಿದಾಗ, ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥಾ ವ್ಯತ್ಯಾಸವೇನೂ ಕಾಣಲಿಲ್ಲ. ನನ್ನ ಪ್ರಕಾರ ಹೆಚ್ಚು ಹಾಳು ಮಾಡುವುದು ಮಾರನೇ ದಿನ ಡಬಲ್ ಮಾಡ್ತೀನಿ ಅನ್ನುವ ಹಟ. ತಪ್ಪಿದ್ದನ್ನು ಬಾಕಿ ಅಂತ ಹೊತ್ತುಕೊಂಡು ಹೋಗಬೇಡಿ, ದಯವಿಟ್ಟು.

ವಾರ ವಾರವೂ ಮುಂದಕ್ಕೆ ಹೋಗುತ್ತಲೇ ಇರುವ ಕೆಲಸವಿದ್ದರೆ, ಅದು ನಿಜವಾಗಿಯೂ ನಿಮಗೆ ಬೇಕಾ ಅಂತ ಕೇಳಿಕೊಳ್ಳಿ. ಬೇರೆಯವರು ಮಾಡ್ತಾರೆ ಅಂತ ಸುಮ್ನೆ ಬರೆದುಕೊಂಡದ್ದಾದರೆ ಹೊಡೆದುಹಾಕಿ.

ಔಷಧಿ, ಪರೀಕ್ಷೆ, ಬಿಲ್ ಕಟ್ಟುವ ಕೊನೇ ದಿನ ಇಂಥವಕ್ಕೆ ಮಾತ್ರ ಈ ಸಡಿಲ ನಡೆಯಲ್ಲ. ಅವಕ್ಕೆ ಹೊತ್ತು ಬರೆದು ಅಲಾರಂ ಇಟ್ಟುಬಿಡಿ.